ಬನಿಯಾಸಿನಲ್ಲಿ ಕೇಳಿದ ಒಂದು ‘ಯೆ’

ಡಿಸ್ಕವರಿ ಗಾರ್ಡನ್ಸ್

ದುಬೈ ತೋರಿಸು ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತವಳಲ್ಲ. ಮಗಳು ಕರೆದಳು, ಅಳಿಯ ಟಿಕೆಟ್ ಕಳಿಸಿದ, ಮೊಮ್ಮಗಳು ಫೋನಿನಲ್ಲಿ ‘ಅಜ್ಜಿ, ಪ್ಲೀಸ್ ಕಮ್’ ಎಂದು ರಾಗ ಎಳೆದಳು. ಹೊರಟೆವು. ಅಲ್ಲಿಗೆ ಹೋಗಿ ಬಂದವರೆಲ್ಲ ಯಾವುದು ಎಷ್ಟು ಎತ್ತರ, ಯಾವುದು ಎಷ್ಟು ಉದ್ದ ಎಂದು ಬರೆದು ಮುಗಿಸಿದ್ದಾರೆ. ಜಗತ್ತಿಗೇ ಎತ್ತರವೆನ್ನುವ ಆ ಕಟ್ಟಡವನ್ನು ನಾನೂ ಕೆಳಗೆ ನಿಂತು ನೋಡಿದೆ. ಕುತ್ತಿಗೆ ಉಳುಕಿತು. ಮನೆಗೆ ಬಂದು ಮುಲಾಮು ಹಚ್ಚಿಕೊಂಡೆ. ಅದರ ಬಗ್ಗೆ ನಾನು ಹೇಳುವುದು ಇಷ್ಟೇ.

ಮಗಳು ಶ್ವೇತಾಳ ಮನೆ ಇರುವುದು ಡಿಸ್ಕವರಿ ಗಾರ್ಡನ್ಸ್ ಎಂಬಲ್ಲಿ. ಹೆಸರು ಕೇಳಿ ಉಡುಪಿಯ ನಮ್ಮ ಪಕ್ಕದ ಮನೆ ಗಿರಿಜಕ್ಕ ‘ನಿಮಗೆ ಪುಣ್ಯ ಉಂಟು, ತೋಟದೊಳಗೆ ಮನೆ’ ಎಂದು ಹೊಟ್ಟೆಕಿಚ್ಚುಪಟ್ಟಿದ್ದರು. ಹೋಗಿ ನೋಡಿದರೆ ಒಂದೇ ತಟ್ಟೆಯಲ್ಲಿ ಬೇಯಿಸಿದ ಇಡ್ಲಿಗಳ ಹಾಗೆ ಕಟ್ಟಡಗಳು, ಸಾಲು ಸಾಲು, ಎಲ್ಲ ಒಂದೇ ಎತ್ತರ, ಒಂದೇ ಬಣ್ಣ. ನಡುವೆ ಗಿಡಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಒಂದೊಂದರ ಬುಡಕ್ಕೂ ಕಪ್ಪು ಪೈಪು ಚುಚ್ಚಿ ಗ್ಲೂಕೋಸ್ ಕೊಟ್ಟು ಮಲಗಿಸಿದ್ದಾರೆ. ಪೈಪು ತೆಗೆದರೆ ಮರುದಿನ ತಿಥಿ.

ಜನರೂ ಹಾಗೆಯೇ. ಲಿಫ್ಟಿನಲ್ಲಿ ಎಂಟು ಮಂದಿ ಒಟ್ಟಿಗೆ ಏರುತ್ತಾರೆ, ಎಂಟು ಮಂದಿಯೂ ಮೊಬೈಲಿನೊಳಗೆ ಇಳಿಯುತ್ತಾರೆ. ಒಬ್ಬರ ಚೀಲದಿಂದ ಕರಿಬೇವು ಇಣುಕುತ್ತಿತ್ತು. ನಮ್ಮ ಕಡೆಯವರೇ ಇರಬೇಕೆಂದು ‘ಎಂತ ಅಡುಗೆ ಇವತ್ತು?’ ಎಂದು ಕೇಳಿದೆ. ಆ ಹೆಂಗಸು ಚೀಲವನ್ನು ಎದೆಗವಚಿಕೊಂಡು ಮುಂದಿನ ಮಹಡಿಯಲ್ಲೇ ಇಳಿದುಹೋದಳು. ಅದು ಅವಳ ಮಹಡಿಯಲ್ಲವೆಂದು ನನಗೆ ಈಗಲೂ ಗುಮಾನಿ.

ಇನ್ನು ನಮ್ಮ ಯಜಮಾನರ ವಿಷಯ. ಈ ಪ್ರಯಾಣದಲ್ಲಿ ಹೇಳುವಂಥದ್ದು ಏನಾದರೂ ನಡೆದಿದ್ದರೆ ಅದು ಇವರದ್ದೇ.

ಇವರು ಸದಾಶಿವ ರಾವ್, ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮದುವೆಯಾದ ಮೂರನೆಯ ದಿನ ಗಂಭೀರವಾಗಿ ನನ್ನನ್ನು ಕೂರಿಸಿಕೊಂಡು ‘ನನ್ನದೊಂದು ರೆಕಾರ್ಡ್ ಉಂಟು’ ಎಂದರು. ಪೊಲೀಸ್ ಠಾಣೆಯದೋ ಏನೋ ಎಂದು ನನ್ನ ಎದೆ ಧಸಕ್ಕೆಂದಿತು. ಅಲ್ಲ, ಹಾಡಿನ ರೆಕಾರ್ಡ್. ಉಡುಪಿಯಿಂದ ಹೋದ ಇವರ ಅಪ್ಪ ನೀಲಗಿರಿಯ ಒಂದು ಇಂಗ್ಲಿಷ್ ಬೋರ್ಡಿಂಗ್ ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ಶಾಲೆಗೆ ಅಂಟಿಕೊಂಡೇ ಒಂದು ಇಗರ್ಜಿ, ಇಗರ್ಜಿಗೊಂದು ಹುಡುಗರ ಗಾಯನ ತಂಡ. ಆಂಗ್ಲಿಕನ್ ಪದ್ಧತಿಯ ಕ್ವಾಯರ್ ಅಂತೆ. ಬಿಳಿ ನಿಲುವಂಗಿ, ಕುತ್ತಿಗೆಗೆ ನೆರಿಗೆಯ ಪಟ್ಟಿ, ಗಂಟಲು ಒಡೆಯದ ಹುಡುಗರು ಮಾತ್ರ. ಟೈಪಿಸ್ಟನ ಮಗನ ಕಂಠ ಒಳ್ಳೆಯದಿದೆ ಎಂದು ಸಂಗೀತ ಕಲಿಸುವ ಬಿಳಿಯ ದೊರೆ ಇವರನ್ನೂ ಸೇರಿಸಿಕೊಂಡನಂತೆ. ಬಾಯಿಯೊಳಗೆ ಮೊಟ್ಟೆ ಇಟ್ಟುಕೊಂಡ ಹಾಗೆ ದುಂಡಗೆ ತೆರೆಯಬೇಕೆಂದು ಆತ ಹೇಳುತ್ತಿದ್ದನಂತೆ. ಮೊಟ್ಟೆಯನ್ನು ಕೈಯಲ್ಲೂ ಮುಟ್ಟದ ಮನೆಯ ಹುಡುಗ ಇವರು, ಬಾಯಲ್ಲಿ ಇಟ್ಟುಕೊಂಡೆನೆಂದು ಭಾವಿಸಿ ಹಾಡಿದರಂತೆ.

ಕಥೆಯ ಮುಖ್ಯ ಭಾಗ ಇನ್ನು ಬರುವುದು. ಇಗರ್ಜಿಯ ಆರ್ಗನ್ ರಿಪೇರಿಗೆಂದು ಒಂದು ರೆಕಾರ್ಡ್ ಮಾಡಿ ಮಾರುವುದೆಂದಾಯಿತು. ಮದರಾಸಿನಿಂದ ವ್ಯಾನಿನಲ್ಲಿ ಯಂತ್ರ ಬಂತು. ಒಂಟಿಯಾಗಿ ಹಾಡಬೇಕಾದವನು ಸಿರಿಲ್ ಡಾಬ್ಸನ್ ಎಂಬ ಇಂಗ್ಲಿಷ್ ಹುಡುಗ. ಅವನಿಗೆ ಹಿಂದಿನ ದಿನವೇ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತು. ಅವನ ಬದಲಿಗೆ ಇವರು ಹಾಡಿದರು. ರೆಕಾರ್ಡಿನ ಹೊದಿಕೆ ಆಗಲೇ ಅಚ್ಚಾಗಿ ಬಂದಾಗಿತ್ತು, ಹಾಗಾಗಿ ಹೆಸರು ಡಾಬ್ಸನ್ನನದು, ದನಿ ನಮ್ಮ ಯಜಮಾನರದು.

ನಾನು ಇದನ್ನು ನಂಬಿರಲಿಲ್ಲ. ಮನೆಯಲ್ಲಿ ಆ ರೆಕಾರ್ಡ್ ಇರಲಿಲ್ಲ, ಶಾಲೆ ಮುಚ್ಚಿಹೋಗಿತ್ತು, ಮಾವನವರು ತೀರಿಕೊಂಡಿದ್ದರು. ಸಾಕ್ಷಿಯೆಂದರೆ ಇವರ ಬಾಯಿಯೊಂದೇ. ಆ ಬಾಯಿಯ ಯೋಗ್ಯತೆ ನನಗೆ ಗೊತ್ತು. ಭಜನೆಯಲ್ಲಿ ಇವರು ಸ್ವರ ಸೇರಿಸಿದರೆ ಹಾರ್ಮೋನಿಯಂ ಬಾರಿಸುವವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಭಕ್ತಿಯಿಂದಲ್ಲ. ಮೇಲಾಗಿ ಆ ಇಂಗ್ಲಿಷು. ಬೋರ್ಡಿಂಗ್ ಶಾಲೆಯಲ್ಲಿ ಕಲಿತರೂ ಇವರಿಗೆ ‘ಎಗ್’ ಇವತ್ತಿಗೂ ‘ಯೆಗ್ಗು’, ‘ಎಲೆಕ್ಷನ್’ ‘ಯೆಲೆಕ್ಷನ್ನು’, ‘ಓನ್ಲಿ’ ‘ವೋನ್ಲಿ’. ಕನ್ನಡವೂ ಅಷ್ಟೇ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ‘ಎಲ್ಲಿ’ಯನ್ನು ‘ಯೆಲ್ಲಿ’ ಎಂದು ಬರೆದ ಮಕ್ಕಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆಯುತ್ತಿದ್ದವಳು. ಮನೆಗೆ ಬಂದರೆ ಗಂಡ ‘ಯೆಲ್ಲಿಗೆ ಹೋಗಿದ್ದೆ?’ ಎನ್ನುತ್ತಿದ್ದರು. ಅಂಕ ಕಳೆಯಲು ಗಂಡಂದಿರಿಗೆ ಉತ್ತರಪತ್ರಿಕೆ ಇಲ್ಲ, ಹಾಗಾಗಿ ಬಾಯಿಯಲ್ಲೇ ತಿದ್ದಿದೆ, ನಲವತ್ತನಾಲ್ಕು ವರ್ಷ.

ಕಳೆದ ವರ್ಷದಿಂದ ಇವರಿಗೆ ಮರೆವು ಶುರುವಾಗಿದೆ. ಊರಿನ ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದರು. ಇವರಿಗೆ ಬಂದದ್ದು ಒಂದು. ‘ಆರಂಭ ಅಷ್ಟೆ, ನೋಡುವ’ ಎಂದರು ಡಾಕ್ಟರು. ನೋಡುವುದು ಎಂದರೆ ಏನನ್ನು ನೋಡುವುದು ಎಂದು ನಾನು ಕೇಳಲಿಲ್ಲ.

ದುಬೈಯಲ್ಲಿ ಅಳಿಯ ಪ್ರಶಾಂತ ಕೇಳದೆಯೇ ಹೇಳಿದ. ಮೈಸೂರಿನ ಹುಡುಗ, ಐಟಿ ಕೆಲಸ, ಒಳ್ಳೆಯವನು. ಆದರೆ ಇಂಟರ್‌ನೆಟ್ಟಿನಲ್ಲಿ ಅರ್ಧ ಗಂಟೆ ಓದಿದರೆ ಅರ್ಧ ಡಾಕ್ಟರಾಗುತ್ತಾನೆ. ಇಂಥ ಕಾಯಿಲೆಯವರು ನೆನಪಿನ ತೂತುಗಳನ್ನು ಕಥೆ ಕಟ್ಟಿ ತುಂಬಿಸಿಕೊಳ್ಳುತ್ತಾರಂತೆ, ಅದಕ್ಕೊಂದು ಮಾರುದ್ದದ ಇಂಗ್ಲಿಷ್ ಹೆಸರಂತೆ, ಮಾವನ ರೆಕಾರ್ಡಿನ ಕಥೆಯೂ ಅದೇ ಇರಬಹುದಂತೆ, ನಾವು ಅದಕ್ಕೆ ಹೂಂಗುಟ್ಟಬಾರದಂತೆ. ನನಗೆ ಪಿತ್ತ ನೆತ್ತಿಗೇರಿತು. ಮದುವೆಯ ಮೂರನೆಯ ದಿನ ಕೇಳಿದ ಕಥೆಗೆ ಹೋದ ವರ್ಷದ ಕಾಯಿಲೆ ಕಾರಣವಂತೆ! ನನ್ನ ಗಂಡನ ಮಾತನ್ನು ನಂಬದಿರುವ ಹಕ್ಕು ನನ್ನದು, ನಲವತ್ತನಾಲ್ಕು ವರ್ಷ ಸಂಸಾರ ಮಾಡಿ ಸಂಪಾದಿಸಿದ್ದು. ನಿನ್ನೆ ಮೊನ್ನೆ ಬಂದ ಅಳಿಯನಿಗೆ ಅದನ್ನು ಯಾರು ಕೊಟ್ಟರು?

ಅದೇ ವಾರ ಇನ್ನೊಂದು ಎಡವಟ್ಟು. ಸಂಜೆ ಇಬ್ಬರೂ ಕೆಳಗೆ ತಿರುಗಾಡಲು ಹೋದೆವು. ವಾಪಸ್ಸು ಬಂದು ಲಿಫ್ಟ್ ಏರಿ ಬಾಗಿಲಿಗೆ ಕೀಲಿ ಹಾಕಿದರೆ ತಿರುಗಲೊಲ್ಲದು. ಒಳಗಿನಿಂದ ಫಿಲಿಪೀನ್ಸಿನ ಹೆಂಗಸೊಬ್ಬಳು ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದಳು. ಪಕ್ಕದ ಕಟ್ಟಡಕ್ಕೆ ನುಗ್ಗಿದ್ದೆವು. ಪಾಪ, ಅವಳೇ ನಗುತ್ತ ನಮ್ಮನ್ನು ನಮ್ಮ ಕಟ್ಟಡದ ತನಕ ಬಿಟ್ಟು ಹೋದಳು. ಆ ಡಿಸ್ಕವರಿ ಗಾರ್ಡನ್ಸಿನಲ್ಲಿ ನಾನು ಡಿಸ್ಕವರ್ ಮಾಡಿದ ಒಂದೇ ಮನುಷ್ಯಜೀವಿ ಅವಳು. ಪ್ರಶಾಂತ ವಿಷಯ ಕೇಳಿ ಶ್ವೇತಾಳ ಮುಖ ನೋಡಿದ. ‘ಮಾವನ್ನ ಇನ್ಮೇಲೆ ಒಬ್ರೇ ಬಿಡಬೇಡಿ ಅತ್ತೆ’ ಎಂದ. ಇವರು ತಲೆ ತಗ್ಗಿಸಿ ಕೂತರು.

ದಾರಿ ತೋರಿಸಿಕೊಂಡು ಮುಂದೆ ಹೋದವಳು ನಾನು. ಬಾಯಿಬಿಟ್ಟು ಅದನ್ನು ಹೇಳಲಿಲ್ಲ.

ನೈಫ್

ಒಂದು ಶುಕ್ರವಾರ ಶ್ವೇತಾ ನಮ್ಮನ್ನು ನೈಫ್ ಬಜಾರಿಗೆ ಕರೆದುಕೊಂಡು ಹೋದಳು. ಆ ಊರಿನಲ್ಲಿ ನನಗೆ ಉಸಿರಾಡಲು ಆದದ್ದು ಅಲ್ಲಿ ಮಾತ್ರ. ಗಲ್ಲಿಗಳು ಕಿರಿದು, ಅಂಗಡಿಯವರು ಬಾಯಿತುಂಬ ಕರೆಯುತ್ತಾರೆ, ಒಬ್ಬರ ಭುಜ ಒಬ್ಬರಿಗೆ ತಾಗುತ್ತದೆ. ಮಾರುವುದು ಮಾತ್ರ ಅದೇ ಸುಗಂಧ, ಅದೇ ಖರ್ಜೂರ, ಅದೇ ಪ್ಲಾಸ್ಟಿಕ್ ಒಂಟೆ. ಹೊಟ್ಟೆ ಒತ್ತಿದರೆ ಹಾಡುವ ಒಂಟೆಯನ್ನು ಊರಿನಲ್ಲಿ ಯಾರಿಗೆ ಕೊಡಲಿ?

ಒಂದು ಅಂಗಡಿಯ ಮುಂದೆ ಹಿತ್ತಾಳೆಯ ಕೊಂಬಿನ ಗ್ರಾಮಫೋನು ನಿಲ್ಲಿಸಿದ್ದರು. ಇವರು ಅಲ್ಲೇ ನಿಂತುಬಿಟ್ಟರು. ಅಂಗಡಿಯ ಹಮೀದ್ ಕಾಸರಗೋಡಿನವರು, ನಾವು ಮಾತಾಡುವುದು ಕೇಳಿ ನಮ್ಮ ಕರಾವಳಿಯ ಕನ್ನಡಕ್ಕೆ ಇಳಿದರು. ಆ ಗ್ರಾಮಫೋನು ನೂರು ವರ್ಷದ್ದೆಂದು ಗಿರಾಕಿಗಳಿಗೆ ಹೇಳುವುದಂತೆ, ಉತ್ತರ ಪ್ರದೇಶದಿಂದ ಹೋದ ತಿಂಗಳು ಬಂದದ್ದೆಂದು ನಮಗೆ ಮಾತ್ರ ಗುಟ್ಟು ಬಿಟ್ಟರು. ಹಳೆಯದಾಗಲಿ ಎಂದು ಚಹಾದ ಪುಡಿ ಉಜ್ಜುತ್ತಾರಂತೆ. ಆ ಊರಿನಲ್ಲಿ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದವರು ಬೇರೆ ಸಿಗಲಿಲ್ಲ.

ಇವರು ಮೆಲ್ಲಗೆ ತಮ್ಮ ಕಥೆ ತೆಗೆದರು. ಶ್ವೇತಾ ‘ಅಪ್ಪಾ, ಸಾಕು’ ಎಂದು ತೋಳು ಹಿಡಿದಳು. ಹಮೀದ್ ಮಾತ್ರ ಪೂರ್ತಿ ಕೇಳಿಸಿಕೊಂಡರು.

‘ಇಗರ್ಜಿ ಹುಡುಗ್ರದ್ದಾ? ಅಂಥದ್ದೆಲ್ಲ ತಗೊಳ್ಳುವ ಒಬ್ರು ಸಾರ್ ಉಂಟು, ಅಬುಧಾಬಿಯಲ್ಲಿ. ಮೈಸೂರು ಕಡೆಯವ್ರು. ಅವ್ರ ಕೈಗೆ ಹೋದ್ರೆ ಖಲಾಸ್, ಮತ್ತೆ ಹೊರಗೆ ಬರುದಿಲ್ಲ.’

ಅಲ್ಲೇ ಫೋನು ಹಚ್ಚಿ ಇವರ ಕೈಗೆ ಕೊಟ್ಟರು. ಇವರು ಶಾಲೆಯ ಹೆಸರು ಹೇಳಿದರು, ಹೊದಿಕೆಯ ಮೇಲಿನ ಗಂಟೆಗೋಪುರದ ಚಿತ್ರ ಹೇಳಿದರು. ಆಚೆಯಿಂದ ಏನೋ ಬಂತು. ಫೋನು ನನಗೆ ಕೊಟ್ಟು, ‘ಅದು ಉಂಟಂತೆ, ಸುಮಿತ್ರಾ’ ಎಂದರು.

ಅಬುಧಾಬಿಯ ರಸ್ತೆ

ಭಾನುವಾರ ಪ್ರಶಾಂತ ಕಾರು ತೆಗೆದ. ಅವನಿಗೆ ಇಷ್ಟವಿರಲಿಲ್ಲ. ಮಾವನಿಗೆ ಸುಮ್ಮನೆ ನಿರಾಸೆಯಾಗುತ್ತದೆಂದು ಅಡುಗೆಮನೆಯಲ್ಲಿ ಶ್ವೇತಾಳ ಹತ್ತಿರ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಕನ್ನಡ ಟೀಚರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲವೆಂದು ಈ ಮಕ್ಕಳಿಗೆಲ್ಲ ಯಾರು ಹೇಳುತ್ತಾರೋ. ಶ್ವೇತಾ ಮಗಳ ಪರೀಕ್ಷೆಯೆಂದು ಮನೆಯಲ್ಲೇ ಉಳಿದಳು.

ಆ ರಸ್ತೆಯ ಬಗ್ಗೆ ಹೊಗಳಿಕೆ ಬಹಳ ಕೇಳಿದ್ದೆ. ನೇರ ಇದೆ, ಹೌದು. ನಮ್ಮ ಆಗುಂಬೆ ಘಾಟಿಯಲ್ಲಿ ಒಂದು ತಿರುವಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ವಾಂತಿ ಮಾಡುವವರು, ದೇವರ ಹೆಸರು ಹೇಳುವವರು, ಚಾಲಕನಿಗೆ ಬುದ್ಧಿ ಹೇಳುವವರು ಎಲ್ಲ ಇರುತ್ತಾರೆ. ಇಲ್ಲಿ ಮರಳು, ಕಂಬ, ಮರಳು. ಸ್ವಲ್ಪ ಜೋರು ಹೋದರೆ ಕಾರೇ ಟಿಂಗ್ ಟಿಂಗ್ ಎಂದು ಬೈಯುತ್ತದೆ. ನಡುವೆ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೋದ ಇವರು ಬಹಳ ಹೊತ್ತು ಬರಲಿಲ್ಲ. ಪ್ರಶಾಂತ ಗಾಬರಿಯಾಗಿ ಓಡಿದ. ನೋಡಿದರೆ ನಲ್ಲಿ ತಾನಾಗಿಯೇ ಬಿಡುತ್ತದೆ, ತಾನಾಗಿಯೇ ನಿಲ್ಲುತ್ತದೆ, ಇವರು ಕೈಯೊಡ್ಡಿ ತೆಗೆದು ಆಡುತ್ತಿದ್ದರಂತೆ. ಅದನ್ನೂ ಅಳಿಯ ಕಾಯಿಲೆಯ ಖಾತೆಗೇ ಸೇರಿಸಿದನೆಂದು ಅವನ ಮುಖ ಹೇಳಿತು.

ಪ್ರಶಾಂತ ನೀರಿನ ಬಾಟಲಿ ತರಲು ಹೋದಾಗ ಹಿಂದಿನ ಸೀಟಿನಲ್ಲಿ ಇವರು ನನ್ನ ಕೈ ಹಿಡಿದುಕೊಂಡರು. ಹಗಲು ಹೊತ್ತಿನಲ್ಲಿ ಹಾಗೆಲ್ಲ ಮಾಡುವವರಲ್ಲ.

‘ಸುಮಿತ್ರಾ, ನನಗೇ ಈಗ ಗೊತ್ತಾಗುದಿಲ್ಲ. ಹಾಡಿದ್ದು ನೆನಪುಂಟಾ, ಹೇಳಿ ಹೇಳಿ ನೆನಪಾದದ್ದಾ ಅಂತ. ಅಲ್ಲಿ ಸಿರಿಲ್‌ನ ದನಿ ಇದ್ದರೆ ಪ್ರಶಾಂತ ಹೇಳಿದ್ದೇ ಸರಿ. ಹಾಗಾದ್ರೆ ಮತ್ತೆ ಉಳಿದ ನೆನಪೆಲ್ಲ? ನಿನ್ನನ್ನು ನೋಡ್ಲಿಕ್ಕೆ ಬಂದದ್ದು, ಶ್ವೇತಾ ಹುಟ್ಟಿದ್ದು?’

ನಾಲಿಗೆ ಚೂಪಿನವಳೆಂದು ಹೆಸರು ತೆಗೆದುಕೊಂಡವಳು ನಾನು. ಆಗ ಇವರ ಅಂಗಿಯ ಮಡಚಿದ ಕಾಲರು ಸರಿಮಾಡಿದೆ, ಅಷ್ಟೆ. ಅಷ್ಟು ದಿನ ಬೇಡವೆಂದು ದೂಡಿಟ್ಟ ಹೆದರಿಕೆ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಬಂದು ಕೂತಿತು. ಪ್ರಶಾಂತ ಬಾಟಲಿ ತಂದು ಕೊಟ್ಟ, ಕಾರು ಹೊರಟಿತು.

ಬನಿಯಾಸ್

ಹಮೀದ್ ಹೇಳಿದ ಆ ರೆಕಾರ್ಡ್ ಸಂಗ್ರಾಹಕರ ವಿಲ್ಲಾ ಅಬುಧಾಬಿಯ ಬನಿಯಾಸಿನಲ್ಲಿ. ಹುಟ್ಟಿದ್ದು ನಂಜುಂಡಸ್ವಾಮಿ, ಗೇಟಿನ ಫಲಕದಲ್ಲಿ ‘ಸ್ಯಾಮ್’. ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ‘ವೆಲ್‌ಕಮ್, ವೆಲ್‌ಕಮ್’ ಎಂದು ಮೂಗಿನಿಂದ ಮಾತಾಡಿದರು. ಇಂಗ್ಲಿಷರೇ ಬಿಟ್ಟುಹೋದ ಇಂಗ್ಲಿಷನ್ನು ಕೆಲವರು ಹೀಗೆ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ.

ಮೊದಲು ಹಾಲಿನಲ್ಲಿ ಕೂರಿಸಿದರು. ಅವರ ಹೆಂಡತಿ ಕೇಕು ತಂದಿಟ್ಟರು. ಇವರು ಎಲ್ಲಿಗೆ ಹೋದರೂ ಕೇಳುವುದನ್ನೇ ಕೇಳಿದರು, ‘ಇದಕ್ಕೆ ಯೆಗ್ಗು ಹಾಕಿದ್ದುಂಟಾ?’ ಸ್ಯಾಮ್ ಸಾಹೇಬರ ಹುಬ್ಬು ಮೇಲೇರಿತು. ನನಗೆ ನಾಚಿಕೆಯಾಗಿ ‘ಎಗ್, ಎಗ್’ ಎಂದು ತಿದ್ದಿದೆ. ಮೊಟ್ಟೆ ಇತ್ತು. ಇಬ್ಬರೂ ನೀರು ಕುಡಿದೆವು.

ಆಮೇಲೆ ರೆಕಾರ್ಡುಗಳ ಕೋಣೆ. ಚಪ್ಪಲಿ ಹೊರಗೆ ಬಿಡುವುದು ಸರಿ, ನಮ್ಮ ಮನೆಗಳಲ್ಲೂ ಉಂಟು. ಆದರೆ ಕಾಲಿಗೆ ಅವರು ಕೊಟ್ಟ ಬಿಳಿ ಚೀಲ ಹಾಕಿಕೊಳ್ಳಬೇಕು. ಒಳಗೆ ಶವಾಗಾರದ ಥಂಡಿ. ಗೋಡೆಯಲ್ಲಿ ಗಾಳಿಯ ತೇವ ಅಳೆಯುವ ಯಂತ್ರ. ನೆಲದಿಂದ ಚಾವಣಿಯವರೆಗೆ ಹುಡುಗರ ಹಾಡುಗಳು, ಎಲ್ಲ ಇಂಗ್ಲೆಂಡಿನ ಮತ್ತು ಇಂಗ್ಲೆಂಡಿನ ನೆರಳಿನ ಕ್ವಾಯರ್ ಶಾಲೆಗಳದ್ದು, ಒಂದೊಂದೂ ಪ್ಲಾಸ್ಟಿಕ್ ಲಕೋಟೆಯೊಳಗೆ. ಹೆಂಡತಿ ಬಾಗಿಲ ತನಕ ಬಂದು ನಿಂತರು. ಅವರಿಗೂ ಒಳಗೆ ಬರಲು ಅಪ್ಪಣೆ ಬೇಕಂತೆ.

ಇಷ್ಟನ್ನು ಯಾವಾಗ ಕೇಳುತ್ತೀರಿ ಎಂದು ವಿಚಾರಿಸಿದೆ. ಕೇಳುವುದಿಲ್ಲವಂತೆ. ಮುಳ್ಳು ತಾಗಿದಷ್ಟೂ ರೆಕಾರ್ಡು ಸವೆಯುತ್ತದಂತೆ. ಒಮ್ಮೆ ನುಡಿಸಿದರೆ ಒಂದು ಹಗಲು ಒಂದು ರಾತ್ರಿ ಅದಕ್ಕೆ ವಿಶ್ರಾಂತಿ ಬೇಕಂತೆ. ಮನೆಗೆಲಸದವಳಿಗೆ ಈ ಸಾಹೇಬರು ಅಷ್ಟು ರಜೆ ಕೊಡುತ್ತಾರೋ ಇಲ್ಲವೋ.

ಬಿಳಿ ಕೈಗವಸು ತೊಟ್ಟು ಅವರು ತೆಗೆದದ್ದು ಅಂಗೈಗಿಂತ ಸ್ವಲ್ಪ ದೊಡ್ಡ, ಏಳು ಇಂಚಿನ ತಟ್ಟೆ. ಹೊದಿಕೆಯ ಮೇಲೆ ಗಂಟೆಗೋಪುರ. ಕೆಳಗೆ ಸಾಲಾಗಿ ಅಚ್ಚಾಗಿತ್ತು: ಒಂಟಿ ದನಿ, ಮಾಸ್ಟರ್ ಸಿರಿಲ್ ಡಾಬ್ಸನ್. ಇವರು ಮುಟ್ಟಲು ಕೈ ಚಾಚಿದರು, ಸಾಹೇಬರು ಹಿಂದಕ್ಕೆಳೆದುಕೊಂಡರು. ಮಂಗನಬಾವಿನ ಕಥೆ ಕೇಳಿ ನಕ್ಕು, ಇಂಥ ಹತ್ತಾರು ಪತ್ರಗಳು ತಮಗೆ ಬರುತ್ತವೆಂದೂ, ಕ್ವಾಯರಿನಲ್ಲಿ ನಿಂತ ಪ್ರತಿಯೊಬ್ಬ ಮುದುಕನೂ ತಾನೇ ಒಂಟಿಯಾಗಿ ಹಾಡಿದೆ ಎನ್ನುತ್ತಾನೆಂದೂ ಹೇಳಿದರು. ಪ್ರಶಾಂತ ನೆಲ ನೋಡುತ್ತಿದ್ದ.

ನುಡಿಸಿದರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ಆಮೇಲೆ ಹುಡುಗರು ಒಟ್ಟಾಗಿ. ಒಂದೇ ಸ್ವರದ ಮೇಲೆ ಹತ್ತು ಪದ ಓಡಿಸಿ ಕೊನೆಯ ಎರಡು ಪದಕ್ಕೆ ಮೆಟ್ಟಿಲಿಳಿಯುತ್ತಾರೆ, ಮಠದಲ್ಲಿ ಮಂತ್ರ ಹೇಳುವ ವಟುಗಳ ಹಾಗೆ. ಇದಕ್ಕೆ ಇಷ್ಟು ಕೈಗವಸು ಬೇಕಿತ್ತೇ ಎಂದುಕೊಳ್ಳುತ್ತಿದ್ದೆ.

ಆಗ ಎಲ್ಲರೂ ನಿಂತರು, ಒಂದು ದನಿ ಮಾತ್ರ ಮೇಲೆದ್ದಿತು.

ನಾನು ಹೊಗಳುವವಳಲ್ಲ. ಆದರೂ ಹೇಳುತ್ತೇನೆ, ಮೈ ಜುಮ್ಮೆಂದಿತು. ಅಲುಗಾಟವಿಲ್ಲ, ಆಡಂಬರವಿಲ್ಲ, ಹುಡುಗನೋ ಹುಡುಗಿಯೋ ಗೊತ್ತಾಗದ ಒಂದು ತಿಳಿ ದನಿ. ಅದರಲ್ಲಿ ನನ್ನ ಗಂಡ ಎಲ್ಲೂ ಇರಲಿಲ್ಲ. ಇವರ ಮುಖ ನೋಡಿದೆ. ಆ ದನಿಯ ಗುರುತು ಸಿಗದವರ ಮುಖ.

‘ನಾನಲ್ಲ’ ಎಂದರು ಇವರು ಮೆಲ್ಲಗೆ. ‘ಇಷ್ಟು ಚಂದ ನಾನು ಹಾಡಿರ್ಲಿಕ್ಕಿಲ್ಲ.’

ಪ್ರಶಾಂತ ಬಂದು ಇವರ ಭುಜದ ಮೇಲೆ ಕೈಯಿಟ್ಟ. ಗೆದ್ದವನ ಮುಖ ಮಾಡಿದ್ದರೆ ಬೈದಾದರೂ ಬಿಡುತ್ತಿದ್ದೆ. ಅವನು ಕನಿಕರಪಟ್ಟ, ಅದು ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಆ ದನಿ ಇನ್ನೂ ಒಂದು ಮೆಟ್ಟಿಲು ಮೇಲೇರಿ ಒಂದು ಉದ್ದ ಪದವನ್ನು ಹಿಡಿಯಿತು. ‘ಯೆವರ್‌ಲಾಸ್ಟಿಂಗ್’ ಎಂದಿತು. ಒಡನೆ ಒಂದು ‘ಟಕ್’ ಸದ್ದು, ಹಾಡು ಮುಂದಕ್ಕೆ ಹೋಗಿ ಮುಗಿಯಿತು. ನಾನು ಕೂತಲ್ಲಿಂದ ಎದ್ದುಬಿಟ್ಟೆ.

‘ಆ ಪದ ಯಾಕೆ ಹಾಗೆ?’ ಎಂದು ಕೇಳಿದೆ.

ಸಾಹೇಬರಿಗೆ ಖುಷಿಯಾಯಿತು. ನನ್ನ ಕಿವಿ ಸೂಕ್ಷ್ಮವೆಂದು ಮೆಚ್ಚಿದರು. ಜಗತ್ತಿನಾದ್ಯಂತ ತಮ್ಮಂಥ ಸಂಗ್ರಾಹಕರದೇ ಒಂದು ಕೂಟವಿದೆಯಂತೆ, ಇಂಟರ್‌ನೆಟ್ಟಿನಲ್ಲಿ ಸೇರುತ್ತಾರಂತೆ. ಡಾಬ್ಸನ್ನನ ಆ ಪದದ ಬಗ್ಗೆ ಅಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆದು, ಅದು ವೇಲ್ಸ್ ಸೀಮೆಯ ಹಳೆಯ ಉಚ್ಚಾರ, ಹುಡುಗನಿಗೆ ವೇಲ್ಸಿನ ದಾಯಿ ಇದ್ದಿರಬೇಕು ಎಂದು ತೀರ್ಮಾನವಾಗಿದೆಯಂತೆ. ಇಂಗ್ಲೆಂಡಿನ ಪಂಡಿತರೊಬ್ಬರು ಅದರ ಮೇಲೆ ಒಂದು ಲೇಖನವನ್ನೇ ಬರೆದಿದ್ದಾರಂತೆ.

‘ವೇಲ್ಸ್ ಅಲ್ಲ ಸ್ವಾಮಿ, ಉಡುಪಿ’ ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮೈಸೂರಿನಲ್ಲಿ ನಿಮ್ಮ ಅಜ್ಜಿ, ಎಲ್ಲಿಗೆ ಹೋಗಿದ್ದೆ ಎಂದು ನಿಮ್ಮನ್ನು ಹೇಗೆ ಕೇಳುತ್ತಿದ್ದರು ಎಂದು ವಿಚಾರಿಸಿದೆ. ಸಾಹೇಬರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ, ಮೂಗು ಬಿಟ್ಟು ಬಾಯಿಯಿಂದಲೇ, ‘ಯೆಲ್ಲಿಗ್ಲಾ ಹೋಗಿದ್ದೆ ಅನ್ನೋರು’ ಎಂದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಕ್ಕರು.

ನಾನು ಇವರ ಕಡೆ ತಿರುಗಿದೆ. ‘ಮಾರಾಯ್ರೆ, ಕೇಕಿನಲ್ಲಿ ಎಂತ ಉಂಟಾ ಅಂತ ಕೇಳಿದ್ರಿ ಆಗ?’

‘ಯೆಗ್ಗು’ ಎಂದರು ಇವರು.

ಸಾಹೇಬರು ಸುಲಭಕ್ಕೆ ಬಗ್ಗುವವರಲ್ಲ. ದಕ್ಷಿಣದ ಯಾವ ಹುಡುಗ ಹಾಡಿದ್ದರೂ ಹಾಗೆಯೇ ಬರುತ್ತದೆ, ಇವರೇ ಎಂದು ಹೇಗೆ ಹೇಳುವುದು ಎಂದರು. ಮಾತಿನಲ್ಲಿ ಹುರುಳಿತ್ತು.

ಉತ್ತರ ಇವರಿಂದ ಬಂತು. ಇವರು ಯಾರನ್ನೂ ನೋಡದೆ ತಮ್ಮ ಎಡಗೈಯ ಗಂಟುಗಳನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತಿದ್ದರು.

‘ಆ ಟಕ್ ರೆಕಾರ್ಡಿನ ಗೀರಲ್ಲ’ ಎಂದರು. ‘ದೊರೆ ಕೋಲಿನಿಂದ ಹಾಡಿನ ಪುಸ್ತಕದ ಸ್ಟ್ಯಾಂಡಿಗೆ ಕುಟ್ಟಿದ್ದು. ನಾನು ಯೆ ಅಂದೆನಲ್ಲ, ಅದಕ್ಕೆ. ಇನ್ನೊಂದು ಬದಿಯಲ್ಲೂ ಅದೇ ಪದ ಉಂಟು. ಅಲ್ಲಿ ಟಕ್ ಮೊದಲೇ ಬರ್ತದೆ, ಮತ್ತೆ ತಪ್ಪಬೇಡ ಅಂತ ಎಚ್ಚರಿಸ್ಲಿಕ್ಕೆ. ಎಲ್ಲ ಮುಗಿದ ಮೇಲೆ ಅದೇ ಕೋಲಿನಲ್ಲಿ ನನ್ನ ಕೈಗೆ ಹೊಡೆದ್ರು. ಇದನ್ನು ನಾನು ಯಾರಿಗೂ ಹೇಳಿರ್ಲಿಲ್ಲ.’

ನನಗೂ ಹೇಳಿರಲಿಲ್ಲ. ನಲವತ್ತನಾಲ್ಕು ವರ್ಷ ಹಾಡಿದ್ದನ್ನು ಕೊಚ್ಚಿಕೊಂಡರು, ಹೊಡೆತ ತಿಂದದ್ದನ್ನು ಮುಚ್ಚಿಟ್ಟರು. ನಾನು ‘ಎಗ್, ಎಗ್’ ಎಂದು ಜನರೆದುರು ತಿದ್ದುವಾಗಲೆಲ್ಲ ಇವರಿಗೆ ಆ ಕೋಲು ನೆನಪಾಗುತ್ತಿತ್ತೋ ಏನೋ.

ಸಾಹೇಬರ ಮುಖದ ಬಣ್ಣ ಬದಲಾಯಿತು. ಆ ಟಕ್ಕನ್ನು ಅವರು ತಮ್ಮ ಪ್ರತಿಯ ಗೀರು ಎಂದುಕೊಂಡಿದ್ದರಂತೆ. ಗೀರಿಲ್ಲದ ಪ್ರತಿ ಬೇಕೆಂದು ದೇಶ ದೇಶ ಹುಡುಕಿಸಿ ಇನ್ನೆರಡು ತರಿಸಿದರಂತೆ. ಮೂರರಲ್ಲೂ ಅದೇ ಜಾಗದಲ್ಲಿ ಅದೇ ಗೀರು. ತಟ್ಟೆಯನ್ನು ಮಗುಚಿ ಹಾಕಿದರು. ವಿಶ್ರಾಂತಿಯ ನಿಯಮ ಯಾರ ನೆನಪಿಗೂ ಬರಲಿಲ್ಲ.

ಮತ್ತೆ ಸಾಸಿವೆ ಸಿಡಿಯಿತು. ಹುಡುಗರು ಓಡಿದರು, ಇಳಿದರು, ನಿಂತರು. ಆ ದನಿ ಎದ್ದಿತು. ಮೇಲೇರುವ ಮೊದಲು, ಇವರು ಹೇಳಿದ ಜಾಗದಲ್ಲೇ, ‘ಟಕ್’. ಎಚ್ಚರಿಕೆ. ಹುಡುಗ ಉಸಿರೆಳೆದುಕೊಂಡದ್ದೂ ಕೇಳಿಸಿತು. ಜಾಗ್ರತೆಯಿಂದ, ಪೂರ್ತಿ ಮನಸ್ಸಿಟ್ಟು, ಬಾಯಿಯಲ್ಲಿ ಮೊಟ್ಟೆ ಇಟ್ಟುಕೊಂಡು ಹಾಡಿದ:

‘ಯೆವರ್‌ಲಾಸ್ಟಿಂಗ್.’

ಮೊದಲು ನಕ್ಕವರು ಇವರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪ್ರಶಾಂತ, ಆಮೇಲೆ ಬಾಗಿಲಲ್ಲಿ ನಿಂತಿದ್ದ ಸಾಹೇಬರ ಹೆಂಡತಿ. ಸಾಹೇಬರು ಕೈಗವಸಿನಲ್ಲೇ ಮೂಗು ಒರೆಸಿಕೊಂಡರು. ನಾನು ನಗಲಿಲ್ಲ, ನನಗೆ ಅಳು ಬಂತು.

ಹೊರಡುವಾಗ ಸಾಹೇಬರು ಹೊದಿಕೆಯನ್ನು ತಾವಾಗಿಯೇ ಇವರ ಬರಿಗೈಗೆ ಕೊಟ್ಟರು. ಹಾಡನ್ನು ಫೋನಿಗೆ ಕಳಿಸುತ್ತೇನೆಂದೂ ಮಾತುಕೊಟ್ಟರು, ಕೂಟದವರಿಗೆ ಮೊದಲು ವೇಲ್ಸಿನ ವಿಷಯ ಸರಿಪಡಿಸಿ ಬರೆದು ಆಮೇಲೆ. ಇನ್ನೂ ಬಂದಿಲ್ಲ. ಇಂಗ್ಲೆಂಡಿನ ಪಂಡಿತರು ಉಡುಪಿಯನ್ನು ಒಪ್ಪಿರಲಿಕ್ಕಿಲ್ಲ.

ಮತ್ತೆ ಡಿಸ್ಕವರಿ ಗಾರ್ಡನ್ಸ್

ವಾಪಸ್ಸು ಬರುವಾಗ ಪ್ರಶಾಂತ ಕನ್ನಡಿಯಲ್ಲಿ ನೋಡಿ, ‘ಸಾರಿ ಮಾವ’ ಎಂದ. ಇವರು ನಿದ್ದೆ ಹೋಗಿದ್ದರು. ಅವನಾದರೂ ಒಂದು ಮಾತು ಹೇಳಿದ, ನಾನು ಯಾವಾಗ ಹೇಳುವುದು ಎನಿಸಿತು. ಆ ಸಂಜೆ ಪಕ್ಕದ ಕಟ್ಟಡಕ್ಕೆ ನುಗ್ಗಿಸಿದ್ದು ಮಾವನಲ್ಲ, ನಾನು ಎಂದು ಅವನಿಗೆ ಹೇಳಿದೆ. ಅವನ ಕಾಲು ಒತ್ತಿತೋ ಏನೋ, ಕಾರು ಟಿಂಗ್ ಟಿಂಗ್ ಎಂದು ಬೈಯಿತು.

ಮರುದಿನ ಬೆಳಿಗ್ಗೆ ಮೊಮ್ಮಗಳ ತಟ್ಟೆ ನೋಡಿ ಇವರು ‘ಶಾಲೆಗೆ ಹೋಗುವಾಗ ದಿನಾ ಯೆಗ್ಗಾ?’ ಎಂದರು. ಅವಳು ಕಣ್ಣು ತಿರುಗಿಸಿ ‘ಇಟ್ಸ್ ಎಗ್, ಅಜ್ಜ’ ಎಂದಳು. ಈ ಮನೆಯಲ್ಲಿ ಇನ್ನು ಅಜ್ಜನ ಇಂಗ್ಲಿಷು ಯಾರೂ ತಿದ್ದುವುದು ಬೇಡವೆಂದು ನಾನು ಹೇಳಿದೆ. ಅವಳು ಅಮ್ಮನ ಮುಖ ನೋಡಿದಳು. ಅಜ್ಜನನ್ನು ತಿದ್ದುವುದನ್ನು ಮೊಮ್ಮಗಳಿಗೆ ಕಲಿಸಿದವಳೇ ನಾನು.

ವಿಮಾನ ನಿಲ್ದಾಣ

ಹತ್ತು ದಿನ ಕಳೆದು ಹೊರಟೆವು. ಅಲ್ಲಿಯ ವಿಮಾನ ನಿಲ್ದಾಣವೂ ಒಂದು ಬಜಾರೇ. ಕುಳಿತುಕೊಳ್ಳುವ ಜಾಗ ಮಾತ್ರ ಹುಡುಕಬೇಕು. ಸಿಕ್ಕಿದ ಎರಡು ಕುರ್ಚಿಗಳಲ್ಲಿ ಕೂತು ಮಂಗಳೂರಿನ ವಿಮಾನ ಕಾಯುತ್ತಿದ್ದೆವು. ಎದುರಿನ ಅಂಗಡಿಯಲ್ಲಿ ಯಾರೋ ಒತ್ತಿದ ಪ್ಲಾಸ್ಟಿಕ್ ಒಂಟೆ ಹಾಡುತ್ತಿತ್ತು. ಇವರು ಅದನ್ನು ಸ್ವಲ್ಪ ಹೊತ್ತು ಕೇಳಿದರು. ನನ್ನ ಕಡೆ ತಿರುಗಿದರು.

‘ಅಬುಧಾಬಿಗೆ ಯಾವಾಗ ಹೋಗುದು, ಸುಮಿತ್ರಾ? ಆ ರೆಕಾರ್ಡು ಕೇಳ್ಲಿಕ್ಕೆ?’

ನಾನು ಇವರ ಮುಖ ನೋಡಿದೆ. ತಮಾಷೆ ಇರಲಿಲ್ಲ. ಡಾಕ್ಟರು ನೋಡುವ ಎಂದದ್ದು ಇದನ್ನೇ ಇರಬೇಕು.

‘ಹೋಗಿ ಬಂದೆವಲ್ಲ’ ಎಂದೆ.

‘ಹೌದಾ? ಸಿರಿಲ್‌ನ ದನಿ ಅಲ್ವಾ ಅದು?’

‘ಅಲ್ಲ. ನಿಮ್ಮದೇ. ನಾನೇ ಕೇಳಿದೆ.’

ಇವರು ಚಿಕ್ಕ ಹುಡುಗನ ಹಾಗೆ ಸಂಕೋಚಪಟ್ಟರು. ‘ಚಂದ ಉಂಟಾ?’

‘ಚಂದ ಉಂಟು. ಒಂದು ತಪ್ಪುಂಟು, ಅಷ್ಟೆ.’

‘ಯೆಲ್ಲಿ?’ ಎಂದು ಕೇಳಿದರು.

ನಾನು ತಿದ್ದಲಿಲ್ಲ. ಮದರಾಸಿನಿಂದ ವ್ಯಾನು ಬಂದಲ್ಲಿಂದ ಶುರುಮಾಡಿ, ಒಂದೂ ಬಿಡದೆ, ಇವರ ಕಥೆಯನ್ನು ಇವರಿಗೆ ಹೇಳತೊಡಗಿದೆ.